ಎಪ್ಪತ್ತನಾಲ್ಕು

ನೆಹರೂ ಸ್ಟೇಡಿಯಮ್ಮಿನ ಸುಣ್ಣದ ಗೆರೆ ಇನ್ನೂ ಅಳಿಸಿಲ್ಲ.
ಹೋದ ವಾರ ಇದರ ಮೇಲೆ, ಕತ್ತಲಿರುವಾಗಲೇ,
ಹುಡುಗರು ಓಡಿದರು ಎದೆಗೆ ನಂಬರು ಅಂಟಿಸಿಕೊಂಡು,
ಸೊರಬದವರು, ಹೊಸನಗರದವರು, ಭದ್ರಾವತಿ ಕ್ವಾರ್ಟರ್ಸಿನವರು.
ಕೊನೆಯ ಸುತ್ತಿನಲ್ಲಿ ಒಬ್ಬ ವಾಂತಿ ಮಾಡಿಕೊಂಡು
ಬಾಯಿ ಒರೆಸಿ ಮತ್ತೆ ಓಡಿದ.
ಇವತ್ತು ಅದೇ ಗೆರೆಯ ಮೇಲೆ ವೇದಿಕೆ.
ಪೊಲೀಸ್ ನಾಯಿ ಮೆಟ್ಟಿಲು ಮೂಸುತ್ತಿದೆ.
ದೇಶದ ನಾಯಕರು ಮೂರು ಗಂಟೆಗೆ.

ನಾನು ಭರ್ಮೋಜಿ. ಮಿಲಿಟರಿ ಆಸ್ಪತ್ರೆಗಳಲ್ಲಿ ಇಪ್ಪತ್ತೆರಡು ವರ್ಷ
ಸೂಜಿ, ಬ್ಯಾಂಡೇಜು, ಸ್ಟ್ರೆಚರು; ಹವಾಲ್ದಾರನಾಗಿ ಮನೆಗೆ ಬಂದೆ.
ಊರಿಗೆ ಭರ್ತಿ ಬಂದರೆ ಈಗಲೂ ಕರೆಯುತ್ತಾರೆ, ಬರೆದುಕೊಳ್ಳಲು.
ಮಂಡಿಗೆ ಮಂಡಿ ತಾಗಿದರೆ ಹೊರಗೆ.
ಒದ್ದೆ ಕಾಲಿನ ಗುರುತು ಸಿಮೆಂಟಿನ ಮೇಲೆ ಪೂರ್ತಿ ಬಿದ್ದರೆ ಹೊರಗೆ.
ಅಂಗೈ ಬೆವರಿದ್ದನ್ನೂ ಬರೆಯುತ್ತೇವೆ.
ಹೇಳಿದ ಕಡೆ ಹೋಗಿ ನಿಲ್ಲುವವನಿಗೆ ಇಷ್ಟು.
ಹೋಗು ಎನ್ನುವವನಿಗೆ

ಚಂದ್ರಗುತ್ತಿ ಕಡೆಯ ಗುತ್ಯಪ್ಪ, ಅಜ್ಜನ ಹೆಸರು, ಹತ್ತೊಂಬತ್ತರ ಪ್ರಾಯ.
ಓಟದಲ್ಲಿ ಮೂರನೆಯವನು. ಹಲ್ಲು ಸರಿ, ಕಿವಿ ಸರಿ.
ಚುಕ್ಕಿಗಳ ಪುಸ್ತಕ ತೆರೆದೆ,
ಒಂದು ಬಣ್ಣದ ನಡುವೆ ಇನ್ನೊಂದು ಬಣ್ಣ ಅವಿತು
ಎಪ್ಪತ್ತನಾಲ್ಕು ಎಂದು ಹೇಳುವ ಪುಟ.
‘ಏನು ಕಾಣ್ತದೆ?’
‘ಇಪ್ಪತ್ತೊಂದು ಸಾರ್.’
ಹಿಂದಿನವನು ಪಿಸುಗುಟ್ಟಿದ, ಎಪ್ಪತ್ತನಾಲ್ಕು ಅನ್ನೋ ಮಾರಾಯ.
ಕೋಚಿಂಗಿನಲ್ಲಿ ಇಡೀ ಪುಸ್ತಕ ಬಾಯಿಪಾಠ ಮಾಡಿಸುತ್ತಾರೆ,
ನಮಗೂ ಗೊತ್ತು, ಅವರಿಗೂ ಗೊತ್ತು.
ಗುತ್ಯಪ್ಪ ಪುಟವನ್ನು ಹತ್ತಿರ ಎಳೆದುಕೊಂಡ, ದೂರ ಹಿಡಿದ.
‘ನಂಗೆ ಇಪ್ಪತ್ತೊಂದೇ ಕಾಣ್ತೈತೆ ಸಾರ್. ಸುಳ್ಳು ಹೇಳ್ಲಾ?’
ಅನರ್ಹ ಎಂದು ಬರೆದೆ.
ನನ್ನ ಅಕ್ಷರ ದುಂಡಗಿದೆ, ಎಲ್ಲರೂ ಹೊಗಳುತ್ತಾರೆ.

ಒಂದು ಚಳಿಗಾಲ. ಒಂದು ಗುಡ್ಡದ ನೆತ್ತಿ, ಹೆಸರು ಬೇಡ.
ನನ್ನ ಕೈಗವಸು ನನಗೇ ಕಾಣದಷ್ಟು ಮಂಜು.
ವೈರ್‌ಲೆಸ್ಸಿನಲ್ಲಿ ಮೇಲಿನಿಂದ, ಅದಕ್ಕೂ ಮೇಲಿನಿಂದ,
ಎಲ್ಲಕ್ಕೂ ಮೇಲೊಬ್ಬರಿದ್ದಾರಲ್ಲ, ಅಲ್ಲಿಂದ ಮಾತು ಇಳಿಯಿತು:
ಬೆಳಿಗ್ಗೆ ದೇಶಕ್ಕೆ ಸುದ್ದಿ ಕೊಡಬೇಕು, ರಾತ್ರಿಯೇ ಹತ್ತಿ.
ನಮ್ಮ ಕ್ಯಾಪ್ಟನ್, ಮೀಸೆ ಸರಿಯಾಗಿ ಬಲಿಯದ ಹುಡುಗ,
ಎರಡು ಸಲ ಹೇಳಿದ: ಕಾಣ್ತಿಲ್ಲ ಸರ್, ಬೆಳಕಾಗಲಿ.
ಅಲ್ಲಿ, ಹೀಟರಿನ ಪಕ್ಕ, ಯಾರಿಗೋ ಎಲ್ಲವೂ ಕಾಣುತ್ತಿತ್ತು.
ಆಮೇಲೆ ಕಂಬಳಿ ಹೊದಿಸಿದವನು ನಾನು.
ಎಷ್ಟು ಎಂದು ಕೇಳಬೇಡಿ.
ಎಪ್ಪತ್ತನಾಲ್ಕಲ್ಲ, ಇಪ್ಪತ್ತೊಂದೂ ಅಲ್ಲ,
ಕಥೆಗೆ ಹೊಂದುವ ಸಂಖ್ಯೆಯೇ ಅಲ್ಲ ಅದು.

ಬಂದರು. ಮೆಟ್ಟಿಲು ಹತ್ತಿದರು.
ಚಾಳಿ ಬಿಡದು ನೋಡಿ, ಮಂಡಿ ಗಮನಿಸಿದೆ, ಉಸಿರು ಎಣಿಸಿದೆ.
ದೇಹ ಗಟ್ಟಿಯಿದೆ. ನಾನು ಹುಡುಕುತ್ತಿದ್ದುದು ಅದಲ್ಲ.
ಯಾರೋ ಸೈನ್ಯದ ಟೋಪಿ ತೊಡಿಸಿದರು,
ಅಳತೆ ದೊಡ್ಡದು, ಕಿವಿಯ ಮೇಲೆ ಕೂತಿತು.
ಗಡಿ ಎಂದರು, ಕಬ್ಬಿಣದ ಕೈ ಎಂದರು, ಮುಕ್ಕಾಲು ಗಂಟೆ.
ಒಂದು ಸಲವೂ ತಡವರಿಸಲಿಲ್ಲ. ಜನ ಎದ್ದು ನಿಂತರು.
ನನಗೆ ಅದೇ ಹೆದರಿಕೆ.
ಒಳ್ಳೆಯವರೇ ಇರಬಹುದು. ನಡುರಾತ್ರಿ ಫೋನೆತ್ತಿ,
ಒಂದು ಗಳಿಗೆ ಕೂತು, ಬೇಡ ಎಂದು ಕೆಳಗಿಡಬಲ್ಲವರೂ ಇರಬಹುದು.
ಇಲ್ಲ ಎನ್ನಲು ನಾನು ಯಾರು? ಹೌದು ಎನ್ನಲೂ ನನ್ನ ಬಳಿ ಕಾಗದವಿಲ್ಲ.
ಎದುರಿಗೆ ಸ್ಟೂಲಿನ ಮೇಲೆ ಕೂರಿಸಿ
ಏನು ಕಾಣ್ತದೆ ಎಂದು ಕೇಳಿದವರು ಯಾರಾದರೂ ಇದ್ದಾರೆಯೇ?
ನಾವು ವೋಟು ಹಾಕುವಾಗ ಕೇಳಿದೆವೇ?
ನಾನಂತೂ ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಕಾಫಿ ಕುಡಿದು ಮನೆಗೆ ಹೋದೆ.

ಸಂಜೆ ಕುರ್ಚಿ ಮಡಚುವವರ ನಡುವೆ ಗುತ್ಯಪ್ಪ.
ಶಾಮಿಯಾನದವರ ಹತ್ತಿರ ದಿನಕ್ಕೆ ಆರುನೂರು.
ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ, ಹತ್ತಿರವೇ ಬಂದ.
‘ಸಾರ್, ಈ ಜಮಖಾನ ಕೆಂಪೋ ಹಸಿರೋ?
ಬೇರೆ ಬೇರೆ ಲಾರಿಗೆ ಹಾಕ್ಬೇಕಂತೆ. ನಂಗೆ ತಿಳೀತಾ ಇಲ್ಲ.’

ಕೆಂಪು, ಎಂದೆ.
ಹೆಗಲಿಗೆ ಎತ್ತಿಕೊಂಡು ಹೋದ.
ಅಡಿಯಲ್ಲಿ ಸುಣ್ಣದ ಗೆರೆ.